ಬೆಕ್ಕು ಮತ್ತು ಇಲಿಪಾಷಾಣ: ನಮ್ಮ ಮನೆಯಲ್ಲಿ ನಾವು ಮಾಡಿಕೊಂಡ ವ್ಯವಸ್ಥೆ

2021ರ ಆಷಾಢದಲ್ಲಿ ನಮ್ಮ ಮನೆಯ ಬೆಳ್ಳಿ ಎಂಬ ಹೆಣ್ಣು ಬೆಕ್ಕು ಎರಡು ದಿನ ಅನ್ನ ಮುಟ್ಟದೆ ಬಚ್ಚಲೊಲೆಯ ಪಕ್ಕದಲ್ಲೇ ಮಲಗಿತ್ತು. ಮಲೆನಾಡಿನ ಮಳೆಗಾಲದಲ್ಲಿ ಬೆಕ್ಕುಗಳು ಬೂದಿಯ ಬಿಸಿ ಬಿಟ್ಟು ಏಳುವುದೇ ಕಡಿಮೆಯಾದ್ದರಿಂದ ನಾನು ಅದನ್ನು ಗಮನಿಸಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಎತ್ತಿಕೊಂಡಾಗ ಅದು ಏದುಸಿರು ಬಿಡುತ್ತಿತ್ತು; ಮುಂಗಾಲಿನ ಗಂಟು ಊದಿಕೊಂಡಿತ್ತು; ತುಟಿ ಸರಿಸಿ ನೋಡಿದರೆ ಸದಾ ನಸುಗೆಂಪಾಗಿರುತ್ತಿದ್ದ ಒಸಡು ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು.

ಪಶುವೈದ್ಯರು ಒಸಡು ನೋಡಿದ ಕೂಡಲೇ, "ಮನೆಯಲ್ಲಿ ಇಲಿಗೆ ಏನಾದರೂ ಇಟ್ಟಿದ್ದೀರಾ?" ಎಂದು ಕೇಳಿದರು. ಇಟ್ಟಿದ್ದೆವು. ಅಟ್ಟದ ಮೇಲೆ ಒಣಗಿಸಿಟ್ಟ ಅಡಿಕೆಯ ಚೀಲಗಳನ್ನೂ ಭತ್ತದ ಪಣತವನ್ನೂ ಇಲಿಗಳು ಹಾಳುಗೆಡವುತ್ತಿದ್ದುದರಿಂದ, ಆರು ದಿನಗಳ ಹಿಂದೆ ಬ್ರೋಮಾಡಿಯೋಲೋನ್ ಎಂಬ ಪಾಷಾಣದ ನೀಲಿ ಕೇಕುಗಳನ್ನು ಅಲ್ಲಿ ಇಟ್ಟಿದ್ದೆ. ಬೆಕ್ಕಿನ ಬಾಯಿಗೆ ಸಿಗದಿರಲೆಂದು ಪ್ರತಿಯೊಂದನ್ನೂ ಎರಡು ಅಡಿ ಉದ್ದದ ಪಿವಿಸಿ ಪೈಪಿನ ನಡುವೆ ತಂತಿಯಿಂದ ಬಿಗಿದಿದ್ದೆ. ಬೆಕ್ಕು ಅದನ್ನು ತಿಂದಿರಲು ಸಾಧ್ಯವೇ ಇಲ್ಲ ಎಂದು ನಾನು ಹಟ ಹಿಡಿದು ಹೇಳಿದಾಗ ವೈದ್ಯರು, "ಬೆಕ್ಕು ಕೇಕ್ ತಿನ್ನಬೇಕಾಗಿಲ್ಲ, ಕೇಕ್ ತಿಂದ ಇಲಿಗಳನ್ನು ತಿಂದರೂ ಸಾಕು" ಎಂದರು. ಆ ವಾರ ಬೆಳ್ಳಿ ದಿನಕ್ಕೊಂದರಂತೆ ಇಲಿ ಹಿಡಿದು ತಂದು ಜಗಲಿಯಲ್ಲಿ ಹಾಕುತ್ತಿದ್ದುದು, ನಾವು ಅದರ ಬೆನ್ನು ಸವರಿ ಹೊಗಳಿದ್ದು ಎಲ್ಲವೂ ಆಗ ನೆನಪಿಗೆ ಬಂತು.

ಈ ಪಾಷಾಣ ಕೆಲಸ ಮಾಡುವ ರೀತಿ ತಿಳಿಯದಿದ್ದರೆ ಬೆಕ್ಕನ್ನು ಕಾಪಾಡುವುದು ಕಷ್ಟ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಪಿತ್ತಜನಕಾಂಗವು ವಿಟಮಿನ್ ಕೆ ನೆರವಿನಿಂದ ತಯಾರಿಸುತ್ತದೆ, ಮತ್ತು ಒಮ್ಮೆ ಬಳಕೆಯಾದ ವಿಟಮಿನ್ನನ್ನು ದೇಹ ಮತ್ತೆ ಬಳಸಿಕೊಳ್ಳದಂತೆ ಬ್ರೋಮಾಡಿಯೋಲೋನ್ ತಡೆಯುತ್ತದೆ. ಆದರೆ ರಕ್ತದಲ್ಲಿ ಮೊದಲೇ ಇದ್ದ ಅಂಶಗಳು ತೀರುವವರೆಗೆ ಹೊರಗೆ ಏನೂ ಕಾಣುವುದಿಲ್ಲ. ಹೀಗಾಗಿ ಇಲಿಯೂ ತಿಂದ ಕೂಡಲೇ ಸಾಯುವುದಿಲ್ಲ. ಮೂರು ನಾಲ್ಕು ದಿನ ಓಡಾಡುತ್ತಲೇ ಇದ್ದು, ಕೊನೆಗೆ ಮಂಕಾಗಿ ಹಗಲಿನಲ್ಲೂ ಬಯಲಿಗೆ ಬರುತ್ತದೆ. ಅಂಥ ಇಲಿ ಬೆಕ್ಕಿಗೆ ಬಹಳ ಸುಲಭವಾದ ಬೇಟೆ. ನಾನು ಅಷ್ಟು ಜತನದಿಂದ ಕಟ್ಟಿದ ಪೈಪು ಪಾಷಾಣವನ್ನು ಬೆಕ್ಕಿನಿಂದ ದೂರವಿಟ್ಟಿತ್ತು ನಿಜ, ಪಾಷಾಣ ತುಂಬಿಕೊಂಡ ಇಲಿಯನ್ನು ದೂರವಿಡುವ ಉಪಾಯ ಮಾತ್ರ ನನ್ನಲ್ಲಿರಲಿಲ್ಲ.

ಬೆಳ್ಳಿ ಉಳಿಯಿತು. ವಿಟಮಿನ್ ಕೆ1 ಈ ವಿಷಕ್ಕೆ ನೇರವಾದ ಮದ್ದು ಎಂಬುದು ನಮ್ಮ ಪುಣ್ಯ. ಮೊದಲು ಚರ್ಮದಡಿಗೆ ಚುಚ್ಚುಮದ್ದು, ಆಮೇಲೆ ನಾಲ್ಕು ವಾರ ಮಾತ್ರೆ. ಪಾಷಾಣ ಪಿತ್ತಜನಕಾಂಗದಲ್ಲಿ ವಾರಗಟ್ಟಲೆ ಉಳಿಯುವುದರಿಂದ, ಬೆಕ್ಕು ಚುರುಕಾಯಿತೆಂದು ನಡುವೆ ನಿಲ್ಲಿಸಿದರೆ ಮತ್ತೆ ರಕ್ತಸ್ರಾವವಾಗುತ್ತದೆ ಎಂದು ವೈದ್ಯರು ಎರಡೆರಡು ಸಲ ಹೇಳಿದ್ದರು. ಕೊಬ್ಬಿನ ಜೊತೆ ಕೊಟ್ಟರೆ ಈ ವಿಟಮಿನ್ ಮೈಗೆ ಚೆನ್ನಾಗಿ ಹಿಡಿಯುತ್ತದೆಂದು ಪುಡಿ ಮಾಡಿದ ಮಾತ್ರೆಯನ್ನು ಬೆಣ್ಣೆಯಲ್ಲಿ ಕಲಸಿ ನೆಕ್ಕಿಸುತ್ತಿದ್ದೆ. ಔಷಧಿ ಅಂಗಡಿಯೊಂದರಲ್ಲಿ ಕೆ1 ಬದಲು ಕೆ3 ಕೊಡಲು ಬಂದಿದ್ದರು. ಈ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ, ಆದ್ದರಿಂದ ಚೀಟಿಯನ್ನೂ ಡಬ್ಬಿಯನ್ನೂ ಅಕ್ಷರ ಬಿಡದೆ ಹೋಲಿಸಿ ನೋಡಬೇಕು. ಮಾತ್ರೆ ನಿಲ್ಲಿಸಿ ಎರಡು ದಿನವಾದ ಮೇಲೆ ಶಿವಮೊಗ್ಗಕ್ಕೆ ಕರೆದೊಯ್ದು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿದ ನಂತರವೇ ನಮಗೆ ಧೈರ್ಯ ಬಂದದ್ದು.

ಅಂದಿನಿಂದ ನಮ್ಮ ಮನೆಯೊಳಗೆ ಯಾವ ಪಾಷಾಣವೂ ಬಂದಿಲ್ಲ. ಬೆಕ್ಕು ಸಾಕುವ ಮನೆಯಲ್ಲಿ ಪಾಷಾಣಕ್ಕೆ ಸುರಕ್ಷಿತವಾದ ಜಾಗ ಎಂಬುದೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಬೇಸಿಗೆಯ ಹದಿನೈದು ದಿನಗಳನ್ನು ಇಲಿಯ ದಾರಿ ಮುಚ್ಚುವುದಕ್ಕೇ ಮೀಸಲಿಟ್ಟೆವು. ಚಿಕ್ಕ ಇಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕಾಗುವುದರಿಂದ, ಕತ್ತಲಲ್ಲಿ ಟಾರ್ಚ್ ಹಿಡಿದು ಒಬ್ಬರು ಒಳಗೂ ಒಬ್ಬರು ಹೊರಗೂ ನಿಂತು, ಬೆಳಕು ಕಂಡಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ಸಣ್ಣ ತೂತುಗಳಿಗೆ ಪಾತ್ರೆ ತಿಕ್ಕುವ ಸ್ಟೀಲಿನ ನಾರನ್ನು ತುರುಕಿ ಸಿಮೆಂಟು ಮೆತ್ತಿದೆವು. ಗೋಡೆಗೂ ಮಾಡಿನ ಹೆಂಚಿಗೂ ನಡುವಿನ ಉದ್ದದ ಸಂದಿಗೆ ಕಾಲಿಂಚಿನ ಕಬ್ಬಿಣದ ಜಾಲರಿ ಹೊಡೆಸಿದೆವು. ಮಾಡನ್ನು ಮುಟ್ಟುತ್ತಿದ್ದ ಹಲಸಿನ ಕೊಂಬೆಯನ್ನು ಕಡಿಸಿದ ಮೇಲೆ ಅಟ್ಟದಲ್ಲಿ ರಾತ್ರಿಯ ಓಡಾಟ ಅರ್ಧಕ್ಕೆ ಇಳಿಯಿತು. ಭತ್ತವನ್ನು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ವರ್ಗಾಯಿಸಿದೆವು. ಅಜ್ಜನ ಕಾಲದ ಪಣತ ಖಾಲಿಯಾದದ್ದು ಅಮ್ಮನಿಗೆ ಇವತ್ತಿಗೂ ಬೇಸರವೇ.

ಉಳಿದ ಇಲಿಗಳಿಗೆ ಬೋನು. ಒಣಮೀನು ಇಟ್ಟರೆ ಇಲಿಗಿಂತ ಮೊದಲು ಬೆಕ್ಕೇ ಬರುತ್ತದೆ. ಅದಕ್ಕಾಗಿ ಕೆಂಡದ ಮೇಲೆ ಸುಟ್ಟ ಕೊಬ್ಬರಿಯ ಚೂರನ್ನು ಕಟ್ಟುತ್ತೇನೆ. ಮೊದಲ ಎರಡು ರಾತ್ರಿ ಬೋನಿನ ಬಾಗಿಲು ಬೀಳದಂತೆ ಕಟ್ಟಿ ಬರಿದೇ ತಿನ್ನಲು ಬಿಟ್ಟು, ಮೂರನೆಯ ರಾತ್ರಿ ಹೂಡಿದರೆ ಅನುಮಾನದ ಇಲಿಯೂ ಬೀಳುತ್ತದೆ. ಸ್ಪ್ರಿಂಗಿನ ಬೋನನ್ನು ಎರಡಿಂಚಿನ ತೂತಿರುವ ಮರದ ಪೆಟ್ಟಿಗೆಯೊಳಗೇ ಇಡುತ್ತೇನೆ. ಇಲ್ಲವಾದರೆ ಬೆಕ್ಕಿನ ಪಾದ ಸಿಕ್ಕಿಬೀಳುತ್ತದೆ. ಅಂಟುಹಲಗೆಯನ್ನು ನಾನು ಬಳಸುವುದಿಲ್ಲ.

ಆದರೆ ಬೆಕ್ಕಿಗೆ ನಮ್ಮ ಬೇಲಿಯೊಂದೇ ಗಡಿಯಲ್ಲ. ಅಕ್ಕಪಕ್ಕದ ಗದ್ದೆಗಳಲ್ಲಿ ಇಡುವುದು ಹೆಚ್ಚಾಗಿ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ: 96 ಭಾಗ ನುಚ್ಚಿಗೆ ಎರಡು ಭಾಗ ಎಣ್ಣೆ, ಎರಡು ಭಾಗ ಪುಡಿ. ಇದು ಹೊಟ್ಟೆಯ ಆಮ್ಲಕ್ಕೆ ತಾಗಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಕೆಲವೇ ಗಂಟೆಗಳಲ್ಲಿ ವಾಂತಿ, ನಡುಕ, ಉಸಿರಾಟದ ತೊಂದರೆ ಶುರುವಾಗುತ್ತವೆ. ಇದಕ್ಕೆ ಕೆ1ನಂಥ ಮದ್ದಿಲ್ಲ. ಬೆಕ್ಕು ಇದನ್ನು ತಿಂದ ಅನುಮಾನವಿದ್ದರೆ ಅನ್ನ ಹಾಲು ಏನನ್ನೂ ಕೊಡಬಾರದು, ಏಕೆಂದರೆ ಆಹಾರ ಬಿದ್ದರೆ ಆಮ್ಲ ಹೆಚ್ಚುತ್ತದೆ. ಕಾರಿನಲ್ಲಿ ಒಯ್ಯುವಾಗ ಕಿಟಕಿಗಳನ್ನು ತೆರೆದಿಡಬೇಕು, ಏಕೆಂದರೆ ವಾಂತಿಯಿಂದ ಏಳುವ ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನಂಥ ವಾಸನೆಯ ಗಾಳಿ ನಮಗೂ ವಿಷ. ಟೊಮೆಟೊಗೋ ಬೋಂಡಕ್ಕೋ ಹಚ್ಚಿಡುವ ಹಳದಿ ರಂಜಕದ ಪೇಸ್ಟ್ ಇನ್ನೊಂದು ಅಪಾಯ. ವಿಷ ಎಂದ ಕೂಡಲೇ ಕೊಬ್ಬರಿ ಎಣ್ಣೆಯನ್ನೋ ಹಾಲನ್ನೋ ಕುಡಿಸುವುದು ನಮ್ಮ ಕಡೆಯ ವಾಡಿಕೆಯಾದರೂ, ರಂಜಕ ಕೊಬ್ಬಿನಲ್ಲಿ ಕರಗಿ ಇನ್ನಷ್ಟು ಬೇಗ ಮೈಗೆ ಸೇರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೆಕ್ಕಿಗೆ ಅಪಾಯಕಾರಿ. ಆ ಹೊತ್ತಿನಲ್ಲಿ ನಾವು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಪಾಷಾಣದ ಪೊಟ್ಟಣವನ್ನೇ ವೈದ್ಯರ ಮುಂದೆ ಇಡುವುದು, ಏಕೆಂದರೆ ಚಿಕಿತ್ಸೆಯೆಲ್ಲ ಅದರ ಮೇಲಿನ ಹೆಸರನ್ನು ಅವಲಂಬಿಸಿರುತ್ತದೆ.

ಕೆಳಮನೆಯ ಅಜ್ಜಯ್ಯನವರಲ್ಲಿ ಇದನ್ನೆಲ್ಲ ಹೇಳಿಕೊಂಡಾಗ ಅವರು, "ಇಲಿಜ್ವರ ಬಂದು ಆಸ್ಪತ್ರೆ ಸೇರಿದವ ನಾನು. ಇಡಬೇಡ ಅಂತ ಮಾತ್ರ ಹೇಳಬೇಡಿ ಮಾರಾಯ್ರೆ" ಎಂದರು. ಅವರ ಮಾತೂ ನ್ಯಾಯವೇ ಆಗಿತ್ತು. ಕೊನೆಗೆ ಪಾಷಾಣ ಇಡುವ ಹಿಂದಿನ ದಿನ ನಮಗೆ ಫೋನ್ ಮಾಡುವುದು, ಪಾಷಾಣವನ್ನು ಬಿಲದ ಒಳಗೇ ಹಾಕಿ ಬಾಯಿ ಮುಚ್ಚುವುದು, ಬೆಳಿಗ್ಗೆ ಸಿಕ್ಕ ಸತ್ತ ಇಲಿಗಳನ್ನು ಇಬ್ಬರೂ ಸೇರಿ ಮೊಣಕಾಲುದ್ದ ಗುಂಡಿ ತೆಗೆದು ಹೂಳುವುದು ಎಂದು ಮಾತಾಯಿತು. ಈ ವರ್ಷ ಅವರ ಫೋನ್ ಬಂದದ್ದು ಜೂನ್ 9ರ ಸಂಜೆ. ಬೆಳ್ಳಿಯೂ ಅದರ ಇಬ್ಬರು ಮಕ್ಕಳೂ 25ರವರೆಗೆ ಒಳಗಿನ ಕೋಣೆಯಲ್ಲಿದ್ದವು. ದಿನಕ್ಕೆರಡು ಸಲ ಮರಳಿನ ಬುಟ್ಟಿ ಬದಲಿಸುತ್ತ, ಮೂರರ ತುಟಿಯನ್ನೂ ಸರಿಸಿ ಒಸಡಿನ ಬಣ್ಣ ನೋಡುತ್ತ ಆ ಹದಿನಾರು ದಿನ ಕಳೆದೆವು.