ಮಾರ್ಚ್ ಮಳೆಯಲ್ಲಿ ಲಂಡನ್ನಿನ ಹಕ್ಕಿಗಳು: ನಮ್ಮ ಕಡೆಯಿಂದ ಹೊಸದಾಗಿ ಬಂದವರಿಗೆ

ಕಲಬುರಗಿ, ಬೀದರ್, ಯಾದಗಿರಿಯಿಂದ ಹೊಸದಾಗಿ ಲಂಡನ್ನಿಗೆ ಬಂದವರಿಗೆ ಮಾರ್ಚ್ ತಿಂಗಳು ಬೇಜಾರು ಹಿಡಿಸುತ್ತದೆ. ಊರಲ್ಲಿ ಆಗಲೇ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಇಲ್ಲಿ ದಿನವಿಡೀ ಜಿಟಿಜಿಟಿ ಮಳೆ. ಅಂಥ ಶನಿವಾರ ರೂಮಿನಲ್ಲೇ ಕೂರಬೇಡಿ. ಬೇಕರ್ ಸ್ಟ್ರೀಟ್ ಸ್ಟೇಶನ್ನಿನಲ್ಲಿ ಇಳಿದು ರೀಜೆಂಟ್ಸ್ ಪಾರ್ಕಿನ ಕೆರೆಗೆ ನಡೆಯಿರಿ. ಟಿಕೆಟ್ ಇಲ್ಲ. ನಮ್ಮ ಕಡೆಯ ಹಕ್ಕಿಗಳೇ ಅಲ್ಲಿ ಸಿಗುತ್ತವೆ.

ಸುಮ್ನೆ ಹೇಳುತ್ತಿಲ್ಲ. ಸುರಪುರದ ಹತ್ತಿರದ ಬೋನಾಳ ಕೆರೆಯಲ್ಲಿ ನಾಮದ ಕೋಳಿ ನೋಡಿದ್ದೀರಲ್ವಾ? ಇಲ್ಲಿರುವುದೂ ಅದೇ ಜಾತಿ. ಮೈಯೆಲ್ಲ ಕಪ್ಪು, ಕೊಕ್ಕು ಮತ್ತು ಹಣೆ ಅಚ್ಚ ಬಿಳಿ. ಊರಲ್ಲಿ ದೂರದಲ್ಲಿ ಚುಕ್ಕೆಯಾಗಿ ಕಾಣುವ ಹಕ್ಕಿ ಇಲ್ಲಿ ನಿಮ್ಮ ಬೂಟಿನ ಹತ್ತಿರವೇ ಬರುತ್ತದೆ. ದಡ ಹತ್ತಿದಾಗ ಪಾದ ನೋಡಿ. ಬಾತಿಗಿರುವ ಹಾಗೆ ಬೆರಳುಗಳ ನಡುವೆ ಪೊರೆ ಇಲ್ಲ, ಒಂದೊಂದು ಬೆರಳಿಗೂ ಬೇರೆ ಬೇರೆ ಅಗಲ ಅಂಚು. ಈ ತಿಂಗಳು ಜಾಗಕ್ಕಾಗಿ ಜಗಳ ಜಾಸ್ತಿ. ನೀರಿನ ಮೇಲೆ ಹಿಂದಕ್ಕೆ ವಾಲಿ ಆ ಕಾಲುಗಳಿಂದಲೇ ಒಂದನ್ನೊಂದು ಒದೆಯುತ್ತವೆ.

ಕೆರೆಯ ನಡುಗಡ್ಡೆಯ ಮರಗಳಲ್ಲಿ ಬೂದು ಬಕಗಳ ಗೂಡು ಇವೆ. ಮಾರ್ಚಿನಲ್ಲಿ ಇನ್ನೂ ಎಲೆ ಬಂದಿರುವುದಿಲ್ಲ, ಹಾಗಾಗಿ ಚೆನ್ನಾಗಿ ಕಾಣುತ್ತವೆ. ತಲೆಯ ಮೇಲೆ ಕೀರಲು ದನಿ ಕೇಳಿದರೆ ಅದು ಗಿಳಿಯೇ, ಕೊರಳಲ್ಲಿ ಗುಲಾಬಿ ಪಟ್ಟೆಯ ನಮ್ಮ ಗಿಳಿ. ಸಾಕಿದವರಿಂದ ತಪ್ಪಿಸಿಕೊಂಡವು, ಬಿಟ್ಟವು ಸೇರಿ ಇಲ್ಲಿ ದಶಕಗಳಿಂದ ಸಂಸಾರ ಹೂಡಿವೆ.

ಮಳೆ ಜೋರಾದರೆ ಹಕ್ಕಿಗಳು ಮುದುಡಿ ಕೂರುತ್ತವೆ. ಸೋನೆಯಲ್ಲಿ, ಇಲ್ಲವೇ ಮಳೆ ನಿಂತ ಕೂಡಲೇ ನೋಡಬೇಕು. ಬ್ಲ್ಯಾಕ್‌ಬರ್ಡ್ ಹುಲ್ಲಿನಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತು, ಕತ್ತು ವಾಲಿಸಿ, ಎರೆಹುಳ ಜಗ್ಗುತ್ತದೆ. ಮಿಸಲ್ ಥ್ರಶ್ ಅಂತೂ ಗಾಳಿ ಮಳೆಯಲ್ಲೂ ಮರದ ತುದಿಯಲ್ಲಿ ಕೂತು ಹಾಡುತ್ತದೆ. ಅದನ್ನು ಕೇಳಲಿಕ್ಕಾದರೂ ನೆನೆಯಬಹುದು. ಮಳೆಗೆ ಹುಳುಗಳು ಕೆಳಗೆ ಹಾರುವುದರಿಂದ, ಆಗ ತಾನೇ ಆಫ್ರಿಕಾದಿಂದ ಬಂದ, ಕವಲುತೋಕೆಯ ಬಳಗದ ಸ್ಯಾಂಡ್ ಮಾರ್ಟಿನ್‌ಗಳೂ ನೀರಿಗೆ ತಾಗುವಷ್ಟು ಕೆಳಗೆ ಸುಳಿಯುತ್ತವೆ. ಚಳಿಗಾಲದಲ್ಲಿ ನಮ್ಮೂರ ವೈರಿನ ಮೇಲೆ ಸಾಲು ಕೂರುವ ಕವಲುತೋಕೆ ಬೇಕೆಂದರೆ ಏಪ್ರಿಲ್‌ವರೆಗೆ ಕಾಯಿರಿ. ಜಾತಿ ಒಂದೇ. ಆದರೆ ಇಲ್ಲಿಗೆ ಬರುವವು ನಮ್ಮ ಕಡೆಯವಲ್ಲ, ದಕ್ಷಿಣ ಆಫ್ರಿಕಾದಲ್ಲಿ ಚಳಿಗಾಲ ಕಳೆದವು.

ಕೊಡೆಗಿಂತ ಟೋಪಿ ಇರುವ ಜಾಕೆಟ್ ವಾಸಿ, ಎರಡೂ ಕೈ ಖಾಲಿ ಇರುತ್ತವೆ. ಬೈನಾಕ್ಯುಲರ್ 8x42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಸಾಕು, ನೀರು ಒಳಗಿಳಿಯದಂಥದ್ದನ್ನೇ ತೆಗೆದುಕೊಳ್ಳಿ. ದನಿ ಗುರುತಿಸಲು ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಹಕ್ಕಿ ಬಳಸುತ್ತಿರುವ ಗೂಡು ಕೆಡಿಸುವುದು ಇಲ್ಲಿ 1981ರ ಕಾಯ್ದೆ ಪ್ರಕಾರ ಅಪರಾಧ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ, ಆದರೆ ಬಾತುಗಳಿಗೆ ಹಾಕದೆ ನೀವೇ ತಿನ್ನಿ.