ಜೀವನಾಂಶದ ಆದೇಶ ಇದೆ, ದುಡ್ಡು ಬರ್ತಿಲ್ಲ: ಬಾಕಿ ವಸೂಲಿ ಹೇಗೆ?

ಮಗುವಿಗೆ ತಂದೆ ತಿಂಗಳಿಗೆ 8,000 ರೂಪಾಯಿ ಕೊಡಬೇಕು ಅಂತ ಆದೇಶ ಆಗಿರುತ್ತೆ. ಎರಡು ತಿಂಗಳು ಕೊಟ್ಟು ನಿಲ್ಲಿಸಿಬಿಡುತ್ತಾರೆ. ಕೋರ್ಟ್ ತಾನಾಗಿ ವಸೂಲಿಗೆ ಇಳಿಯುವುದಿಲ್ಲ, ಬಾಕಿಗೆ ಬೇರೆ ಅರ್ಜಿ ಹಾಕಬೇಕು.

ಎಡವುವುದು ಗಡುವಿನಲ್ಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನ 144ನೇ ಕಲಂ (2024ರ ಜುಲೈಗೆ ಮೊದಲು ಸಿಆರ್‌ಪಿಸಿ 125) ಪ್ರಕಾರ, ಹಣ ಬರಬೇಕಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ವಸೂಲಿಗೆ ವಾರಂಟ್. 'ಕಾಫಿ ಮಾರಿದ ಮೇಲೆ ಕೊಡ್ತೀನಿ' ಅನ್ನುವ ಮಾತು ನಂಬಿ 14 ತಿಂಗಳು ಕೂತರೆ ಬಾಕಿ 1,12,000, ಈ ದಾರಿಯಲ್ಲಿ ಸಿಗುವುದು 96,000. ಮೂರು ತಿಂಗಳು ತಪ್ಪಿದ ಕೂಡಲೇ ಹಾಕಿಬಿಡಿ. ಆಮೇಲಿನ ತಿಂಗಳುಗಳನ್ನು ಅದೇ ಅರ್ಜಿಯಲ್ಲಿ ಸೇರಿಸಬಹುದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ.

ಜೊತೆಗೆ ಬೇಕಾದ್ದು ಆದೇಶದ ದೃಢೀಕೃತ ನಕಲು, ಪಾಸ್‌ಬುಕ್ ಪುಟಗಳು, ತಿಂಗಳವಾರು ಬಾಕಿ ಪಟ್ಟಿ. ನಗದು ಇಸ್ಕೊಳ್ಳಬೇಡಿ. ಐನೂರು ಕೊಟ್ಟು 'ಎಲ್ಲಾ ಕೈಯಲ್ಲೇ ಕೊಟ್ಟಿದ್ದೀನಿ' ಅಂದರೆ ಲೆಕ್ಕ ಕೆಡುತ್ತೆ. ಆದೇಶ ಹಾಸನದ್ದಾಗಿ ಆತ ಬೆಂಗಳೂರಿನಲ್ಲಿದ್ದರೆ 147ನೇ ಕಲಂ ಪ್ರಕಾರ ಅಲ್ಲಿನ ಕೋರ್ಟಿನಲ್ಲೂ ಜಾರಿ ಮಾಡಿಸಬಹುದು.

ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದರೂ ಸಾಲ ತೀರುವುದಿಲ್ಲ, 1988ರಿಂದಲೂ ಸುಪ್ರೀಂ ಕೋರ್ಟ್ ಹೇಳುವುದು ಇದನ್ನೇ. ಹಾಗಾಗಿ ಜಪ್ತಿಯನ್ನೂ ಕೇಳಿ. ಸಂಬಳದಾರರಾದರೆ ಸಂಬಳ ಬಟವಾಡೆ ಮಾಡುವ ಅಧಿಕಾರಿಯ ಹುದ್ದೆ, ವಿಳಾಸ ಬರೆಯಿರಿ. ಜಮೀನಿದ್ದರೆ ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಬಹುದು.

ಮೂಡಿಗೆರೆ, ಸಕಲೇಶಪುರದ ಕಡೆ ಕೇಳಿಬರುವ ಉತ್ತರ ಒಂದೇ: 'ನನಗೆ ಆದಾಯವೇ ಇಲ್ಲ, ತೋಟ ಅಪ್ಪನದು.' ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ್ದರಿಂದ ರಿಟರ್ನ್ಸ್‌ನಲ್ಲಿ ಏನೂ ಕಾಣದೇ ಇರಬಹುದು. ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಜಂಟಿಯಾಗಿ ಆತನ ಹೆಸರಿದೆಯೇ ನೋಡಿ. 11ರಲ್ಲಿ ಬ್ಯಾಂಕ್ ಸಾಲ ನಮೂದಾಗಿದ್ದರೆ ಆ ಸಾಲದ ಕಡತ ತರಿಸುವಂತೆ ಕೋರ್ಟನ್ನು ಕೇಳಿ. ಸಾಲ ಬೇಕಾದಾಗ ಆದಾಯ ಯಾರೂ ಮುಚ್ಚಿಡುವುದಿಲ್ಲ. ಕ್ಯೂರಿಂಗ್ ವರ್ಕ್ಸ್‌ಗೆ (ಕಾಫಿ ಸಂಸ್ಕರಿಸುವ ಘಟಕ) ಕಾಫಿ ಹಾಕಿದ ರಸೀದಿ ಸಿಕ್ಕರೆ ಇನ್ನೂ ಗಟ್ಟಿ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ–ಸಾಲದ ಪ್ರಮಾಣಪತ್ರ (ಅಫಿಡವಿಟ್) ಕೊಡಲೇಬೇಕು ಅಂತ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಕಾಗದಗಳನ್ನು ಅದರ ಪಕ್ಕ ಇಟ್ಟರೆ ಸುಳ್ಳು ಎಲ್ಲಿದೆ ಅಂತ ಗೊತ್ತಾಗುತ್ತೆ.

ಸ್ಕೂಲ್ ಫೀಸು ಏರಿದ್ದರೆ 146ನೇ ಕಲಂ ಕೆಳಗೆ ಮೊತ್ತ ಹೆಚ್ಚಿಸಲು ಕೇಳಬಹುದು. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ 'ಮಗುವಿಗೆ ಏನೂ ಬೇಡ' ಅಂತ ತಾಯಿ ಸಹಿ ಹಾಕಿದ್ದರೂ ಮಗುವಿನ ಹಕ್ಕು ಹೋಗುವುದಿಲ್ಲ.

ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರು, ಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.