ವಸಡಿನ ರಕ್ತ ನಿಲ್ಲಿಸಿದ್ದು: ವಾಟರ್ ಫ್ಲಾಸರ್ ಜೊತೆ ನನ್ನ ಅನುಭವ

ನನ್ನ ಕೆಳಗಿನ ಬಲಗಡೆ ದವಡೆ ಹಲ್ಲುಗಳ ಸುತ್ತ ಪಾಕೆಟ್, ಅಂದರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ, 5 ಮಿಮೀ ಇತ್ತು. ಈಗ 3. ಆಳ ಅಳೆಯುವ ಕಡ್ಡಿ (ಪ್ರೋಬ್) ಹಾಕಿದರೂ ರಕ್ತ ಬರುವುದಿಲ್ಲ. ಸುಮಾರು ಒಂದೂವರೆ ವರ್ಷದಿಂದ ಹೀಗೇ ನಿಂತಿದೆ. ಡೀಪ್ ಕ್ಲೀನಿಂಗ್ (ವಸಡಿನ ಒಳಗಿನ ಕೊಳೆ ಕೆರೆದು ತೆಗೆಸುವುದು) ಮಾಡಿಸಿದರೆ ಯಾರಿಗಾದರೂ ಇಳಿಯುತ್ತದೆ ಅಂತ ನೀವು ಹೇಳಬಹುದು. ನಿಜ. ಮೊದಲ ಸಲ ಮಾಡಿಸಿದಾಗ ನನಗೂ ಇಳಿದಿತ್ತು, ಆದರೆ ವರ್ಷ ತುಂಬುವುದರೊಳಗೆ ಮತ್ತೆ ಮೊದಲಿನಷ್ಟೇ ಆಯಿತು. ಎರಡನೇ ಸಲ ಇಳಿದದ್ದು ಮಾತ್ರ ಇಳಿದೇ ಇದೆ. ಬ್ರಶ್ಶು ಅದೇ, ಪೇಸ್ಟು ಅದೇ, ಹಲ್ಲಿನ ಸಂದಿಗೆ ನೀರು ಚಿಮ್ಮಿಸುವ ಮೆಷಿನ್, ಅಂದರೆ ವಾಟರ್ ಫ್ಲಾಸರ್ ಕೂಡ ಅದೇ. ಬದಲಾದದ್ದು ಆ ಮೆಷಿನ್ ಹಿಡಿಯುವ ರೀತಿ ಒಂದೇ.

ಇದನ್ನು ಯಾರೂ ನಂಬಿರಲಿಲ್ಲ. ಡೆಂಟಿಸ್ಟ್ "ಅದು ಜೋರಾಗಿ ಬಾಯಿ ಮುಕ್ಕಳಿಸಿದ ಹಾಗೆ ಅಷ್ಟೇ, ಹಲ್ಲಿನ ಸಂದಿಗೆ ದಾರ ಹಾಕುವುದು ಬಿಡಬೇಡಿ" ಅಂದಿದ್ದರು. ದಾರ ಹಾಕುವ ಗೆಳೆಯನೊಬ್ಬ ಸಿಕ್ಕಾಗೆಲ್ಲ "ನೀರಿಗೆ ಪ್ಲಾಕ್ ಹೋಗುತ್ತದಾ?" ಅಂತ ಕೇಳುತ್ತಿದ್ದ. ಪ್ಲಾಕ್ ಅಂದರೆ ಹಲ್ಲಿಗೆ ಅಂಟುವ ಮೆತ್ತನೆ ಕೊಳೆ. ಇದೊಂದು ಹೊಸ ಶೋಕಿ ಸಾಮಾನು ಅನ್ನುವುದು ಇನ್ನು ಕೆಲವರ ಮಾತು. ಹೊಸದೇನಲ್ಲ. 1962ರಲ್ಲಿ ಅಮೆರಿಕದ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಜೆರಾಲ್ಡ್ ಮೋಯರ್ ಎಂಬ ಡೆಂಟಿಸ್ಟ್ ಮತ್ತು ಜಾನ್ ಮ್ಯಾಟಿಂಗ್ಲಿ ಎಂಬ ಎಂಜಿನಿಯರ್ ಸೇರಿ ಮಾಡಿದ್ದು. ಅರವತ್ತು ವರ್ಷ ದಾಟಿದೆ. ಅಮೆರಿಕದ ದಂತವೈದ್ಯರ ಸಂಘ ಇಂಥ ಮೆಷಿನ್‌ಗಳಿಗೆ ತನ್ನ ಮುದ್ರೆ ಕೊಡಲು ಶುರು ಮಾಡಿದ್ದು 2017ರಲ್ಲಿ. ಅಷ್ಟು ತಡ ಯಾಕಾಯಿತೋ, ನನಗಂತೂ ಬೇಜಾರಿದೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ. ಮೊದಲು ಕೊಂಡದ್ದು ಕಾರ್ಡ್‌ಲೆಸ್. ಟ್ಯಾಂಕ್ 200 ಮಿಲೀ ಆಸುಪಾಸು. ಜೋರು ಸೆಟ್ಟಿಂಗ್‌ನಲ್ಲಿ ಮುಕ್ಕಾಲು ನಿಮಿಷಕ್ಕೆಲ್ಲ ಖಾಲಿ. ಮೇಲಿನ ಸಾಲು ಮುಗಿಯುವ ಹೊತ್ತಿಗೆ ನೀರು ಮುಗಿದಿರುತ್ತಿತ್ತು. ಮುಚ್ಚಳ ತೆಗೆದು, ತುಂಬಿಸಿ, ಒದ್ದೆ ಕೈಯಲ್ಲಿ ಮತ್ತೆ ಹಿಡಿಯುವಷ್ಟರಲ್ಲಿ ಅರ್ಧ ಉತ್ಸಾಹ ಹೋಗಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಕೆಳಗಿನ ಹಲ್ಲಿನ ಒಳಬದಿಗೆ ಟಿಪ್ (ನೀರು ಚಿಮ್ಮುವ ತುದಿ) ಇಡಬೇಕಾದರೆ ಮೆಷಿನ್ ವಾಲಿಸಲೇಬೇಕು. ವಾಲಿಸಿದ ಕೂಡಲೇ ಒಳಗಿನ ಕೊಳವೆ ನೀರು ಬಿಟ್ಟು ಗಾಳಿ ಎಳೆಯುತ್ತಿತ್ತು. ಬುರ್ ಬುರ್ ಸದ್ದು ಬಿಟ್ಟರೆ ಬೇರೇನಿಲ್ಲ. ನನ್ನ ತೊಂದರೆ ಇದ್ದದ್ದೇ ಆ ಒಳಬದಿಯಲ್ಲಿ, ಅಲ್ವಾ. ಕೊನೆಗೆ ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸಡಿಲವಾಗಿ ನೀರು ಇಳಿದು ಅದು ಸತ್ತೇಹೋಯಿತು. ವಾರಂಟಿ ಮುಗಿದು ಸ್ವಲ್ಪ ದಿನ ಆಗಿತ್ತು ಅಷ್ಟೇ.

ಎರಡನೆಯದೂ ಕಾರ್ಡ್‌ಲೆಸ್ಸೇ, ಇನ್ನೂ ಅಗ್ಗದ್ದು. ಅದರಲ್ಲಿ ಟಿಪ್ ಕೂರುವ ಜಾಗದ ಓ-ರಿಂಗ್ ಬೇಗ ಸವೆಯಿತು. ನೀರು ಬಾಯಿಗಿಂತ ಜಾಸ್ತಿ ಮೊಣಕೈಗೆ ಹರಿಯುತ್ತಿತ್ತು. ಬಿಡಿಭಾಗ ಕೇಳಿದರೆ "ಹೊಸ ಮೆಷಿನ್ ತಗೊಳ್ಳಿ" ಅಂದರು.

ಮೂರನೆಯದು ಸಿಂಕಿನ ಪಕ್ಕ ಇಡುವ ದೊಡ್ಡದು. 600 ಮಿಲೀ ಟ್ಯಾಂಕ್, ಕರೆಂಟಿಗೆ ಸಿಕ್ಕಿಸುವುದು. ಮೊದಲ ಕಾರ್ಡ್‌ಲೆಸ್‌ನ ಸುಮಾರು ಎರಡು ಪಟ್ಟು ಬೆಲೆ. ನಾಲ್ಕನೇ ವರ್ಷ ನಡೆಯುತ್ತಿದೆ. ಸತ್ತ ಎರಡಕ್ಕೆ ಸುರಿದ ದುಡ್ಡಿಗೆ ಹೆಚ್ಚುಕಮ್ಮಿ ಇದೊಂದು ಬಂದುಬಿಡುತ್ತಿತ್ತು. ಡೀಪ್ ಕ್ಲೀನಿಂಗ್ ಬಿಲ್ಲಿನ ಪಕ್ಕ ಇಟ್ಟರೆ ಮೆಷಿನ್ ಬೆಲೆ ಏನೂ ಅಲ್ಲ. ಬಾಯಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಬಿಲ್ ಹಾಕಿದ್ದರು. ಅದರಲ್ಲಿ ಎರಡು ಭಾಗದ ದುಡ್ಡಿಗೇ ದೊಡ್ಡ ಮೆಷಿನ್ ಬರುತ್ತದೆ. ಪ್ರಯಾಣ ಜಾಸ್ತಿ ಇರುವವರಿಗೆ ಕಾರ್ಡ್‌ಲೆಸ್ ಸರಿ. ಮನೆಯಲ್ಲೇ ಇರುವವರು ಸುಮ್ನೆ ದುಡ್ಡು ಹಾಕಬೇಡಿ.

ಈಗ ರೀತಿಗೆ ಬರುತ್ತೇನೆ. ಮೆಷಿನ್ ಕೈಗೆ ಬಂದ ಎಲ್ಲರೂ ಮೊದಲು ಮಾಡುವುದು ಪ್ರೆಶರ್ ಏರಿಸುವ ಕೆಲಸ. ದೊಡ್ಡ ಮೆಷಿನ್‌ಗಳಲ್ಲಿ ಅದು 10ರಿಂದ 100 ಪಿಎಸ್ಐವರೆಗೆ (ಒತ್ತಡದ ಅಳತೆ) ಹೋಗುತ್ತದೆ. ಡಯಲ್ ಅನ್ನು ಅತಿ ಜೋರಿನ ಹತ್ತಕ್ಕೆ ಇಟ್ಟರೆ ಚೆನ್ನಾಗಿ ಕ್ಲೀನ್ ಆಯಿತು ಅನ್ನಿಸುತ್ತದೆ, ವಸಡು ಜುಮ್ ಅನ್ನುತ್ತದೆ. ಆದರೆ ಆ ಜೋರಿಗೆ ಕೈ ತಾನಾಗಿ ಓಡುತ್ತದೆ, ಟಿಪ್ ಎಲ್ಲೂ ನಿಲ್ಲುವುದಿಲ್ಲ. ನಾನು ಡಯಲ್ ಅನ್ನು 4ಕ್ಕೆ ಇಳಿಸಿದೆ. ಕೆಲಸ ಮಾಡುವುದು ಬರೀ ಜೋರಲ್ಲ, ನೀರಿನ ಮಿಡಿತ. ನಿಮಿಷಕ್ಕೆ 1,400ರ ಆಸುಪಾಸು ಸಲ ನೀರು ಬಡಿಯುತ್ತದೆ, ಬಿಡುತ್ತದೆ. ಬಡಿದಾಗ ವಸಡಿನ ಅಂಚು ಒತ್ತುತ್ತದೆ, ಬಿಟ್ಟಾಗ ಒಳಗಿನದು ಹೊರಗೆ ಬರುತ್ತದೆ. ಆ ಬಿಡುವ ಹೊತ್ತಿನಲ್ಲಿ ಟಿಪ್ ಅಲ್ಲೇ ಇರಬೇಕು. ಮುಂದಿನ ಹಲ್ಲಿಗೆ ಓಡಿಹೋಗಿದ್ದರೆ ಏನು ಬಂತು?

ಹಾಗಾಗಿ ಪ್ರತಿ ಸಂದಿಯಲ್ಲಿ ಎರಡು ಸೆಕೆಂಡ್ ನಿಲ್ಲುತ್ತೇನೆ. ಟಿಪ್ ವಸಡಿನ ಗೆರೆಗೆ ನೇರವಾಗಿ, ತೊಂಬತ್ತು ಡಿಗ್ರಿ. ವಸಡಿನ ಒಳಕ್ಕೆ ಚುಚ್ಚುವ ಹಾಗೆ ಓರೆ ಮಾಡುವುದಿಲ್ಲ. ಸಂದಿ ಬಿಟ್ಟು ಮುಂದಿನ ಸಂದಿಗೆ ಹೋಗುವಾಗ ಹಾರುವುದಿಲ್ಲ, ವಸಡಿನ ಗೆರೆ ಹಿಡಿದೇ ಜಾರಿಸುತ್ತೇನೆ. ಶುರು ಯಾವಾಗಲೂ ಕೊನೆಯ ದವಡೆ ಹಲ್ಲಿಂದ, ಅದೂ ಒಳಬದಿಯಿಂದ, ನಾಲಿಗೆ ಕಡೆಯಿಂದ. ಇದು ಮುಖ್ಯ. ಹೊರಬದಿಯಿಂದ ಶುರು ಮಾಡಿದವರಿಗೆ ಒಳಬದಿಗೆ ಬರುವಷ್ಟರಲ್ಲಿ ಬೇಸರ ಬಂದಿರುತ್ತದೆ. ಡೆಂಟಿಸ್ಟ್ ಪಾಕೆಟ್ ಅಳೆದು ಬರೆದ ನನ್ನ ಚಾರ್ಟ್‌ನಲ್ಲಿ 5 ಅಂತ ಬರೆದಿದ್ದ ಜಾಗಗಳು ಹೆಚ್ಚುಕಮ್ಮಿ ಎಲ್ಲ ಒಳಬದಿಯಲ್ಲೇ ಇದ್ದವು. ನಿಮ್ಮ ಚಾರ್ಟ್ ಕೇಳಿ ಇಸಕೊಳ್ಳಿ, ಒಂದೊಂದು ಹಲ್ಲಿಗೆ ಆರು ಕಡೆ ಅಳೆದಿರುತ್ತಾರೆ. ಎಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನುವುದು ಅದರಲ್ಲೇ ಇರುತ್ತದೆ.

ತುಟಿ ಪೂರ್ತಿ ಮುಚ್ಚಬೇಡಿ, ಪೂರ್ತಿ ತೆರೆಯಲೂಬೇಡಿ. ಸಿಂಕಿನ ಮೇಲೆ ಬಗ್ಗಿ, ನೀರು ತಾನಾಗಿ ತುಟಿಯ ಮೂಲೆಯಿಂದ ಇಳಿಯಲಿ. ಕನ್ನಡಿ ನೋಡಲು ಹೋದರೆ ತಲೆ ಎತ್ತುತ್ತೀರಿ, ಅಂಗಿ ಒದ್ದೆಯಾಗುತ್ತದೆ. ನೀರು ಉಗುರುಬೆಚ್ಚಗಿರಲಿ. ತಣ್ಣೀರು ಹಾಕಿದರೆ ಬೇರು ತೆರೆದುಕೊಂಡಿರುವ ಹಲ್ಲು ಚುಳ್ ಅನ್ನುತ್ತದೆ, ಗೊತ್ತಿಲ್ಲದೆಯೇ ಆ ಜಾಗ ತಪ್ಪಿಸಿಬಿಡುತ್ತೀರಿ.

ರಾತ್ರಿ ಒಂದೇ ಸಲ ಮಾಡುತ್ತೇನೆ, ಬ್ರಶ್ ಮಾಡುವ ಮೊದಲು. ಮೊದಲು ಸಂದಿ ತೆರವಾದರೆ ಪೇಸ್ಟಿನ ಫ್ಲೋರೈಡ್ ಅಲ್ಲಿಗೂ ಹೋಗುತ್ತದೆ. ಬ್ರಶ್ ಆದ ಮೇಲೆ ನೀರು ಹೊಡೆದರೆ ಆ ಫ್ಲೋರೈಡ್ ಎಲ್ಲ ಸಿಂಕಿಗೆ. ಈ ಹಿಂದು ಮುಂದಿನ ವಿಷಯಕ್ಕೆ ಜಗಳ ಆಡುವವರಿದ್ದಾರೆ. ನಾನು ಎರಡೂ ನೋಡಿದ್ದೇನೆ, ಮೊದಲೇ ಸರಿ.

ಮೊದಲ ವಾರ ಸಿಂಕಿನಲ್ಲಿ ನೀರು ತೆಳು ಗುಲಾಬಿ ಬಣ್ಣಕ್ಕೆ ಹರಿಯುತ್ತಿತ್ತು. ಬಹಳ ಜನ ಇಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಊದಿದ ವಸಡು ಮುಟ್ಟಿದರೆ ರಕ್ತ ಬರುತ್ತದೆ, ಊತ ಇಳಿದರೆ ನಿಲ್ಲುತ್ತದೆ. ನನಗೆ ಎರಡನೇ ವಾರದ ಕೊನೆಗೆ ಗುಲಾಬಿ ಹೋಯಿತು. ಎರಡು ಮೂರು ವಾರ ಆದರೂ ನಿಲ್ಲದಿದ್ದರೆ ಒಳಗೆ ಗಟ್ಟಿ ಟಾರ್ಟರ್ ಇರಬಹುದು ಅಂದುಕೊಂಡು ಡೆಂಟಿಸ್ಟ್ ಹತ್ತಿರ ಹೋಗಿ. ಕಲ್ಲಾದದ್ದನ್ನು ಯಾವ ನೀರೂ ಕೀಳುವುದಿಲ್ಲ. ಮೆತ್ತಗಿರುವ ಪ್ಲಾಕ್ ಒಂದೆರಡು ದಿನದಲ್ಲೇ ಗಟ್ಟಿಯಾಗಲು ಶುರುವಾಗುತ್ತದೆ. ನಮ್ಮ ಕೈಯಲ್ಲಿರುವುದು ಅದಕ್ಕೆ ಮುಂಚಿನ ಹೊತ್ತು ಮಾತ್ರ.

ಒಂದು ಜಾಗದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಅರ್ಧ ಹುಟ್ಟಿ ನಿಂತ ಬುದ್ಧಿಹಲ್ಲಿನ ಹಿಂದೆ ವಸಡಿನ ಒಂದು ಪದರ ಹಲ್ಲಿನ ಮೇಲೆ ಕವಿದಿರುತ್ತದೆ. ಬ್ರಶ್ಶು ಅದರ ಮೇಲೆ ಓಡಾಡುತ್ತದೆ, ಅಡಿಗೆ ಹೋಗುವುದಿಲ್ಲ. ದಾರಕ್ಕೆ ಅಲ್ಲಿ ಕೆಲಸವೇ ಇಲ್ಲ, ಅದರ ಹಿಂದೆ ಇನ್ನೊಂದು ಹಲ್ಲಿಲ್ಲವಲ್ಲ. ಅತಿ ಕಡಿಮೆ ಪ್ರೆಶರ್‌ನಲ್ಲಿ, ಟಿಪ್ ಅನ್ನು ಹಿಂದಿನಿಂದ ಮುಂದಕ್ಕೆ ತಿರುಗಿಸಿ ಆ ಪದರದ ಅಂಚಿಗೆ ಹಿಡಿದೆ. ಮೊದಲು ಏನೂ ಬರಲಿಲ್ಲ. ಆಮೇಲೆ ಅಕ್ಕಿ ನುಚ್ಚಿನಷ್ಟು ದೊಡ್ಡ ಬಿಳಿ ಚೂರೊಂದು ಬಂತು, ಅದರ ಹಿಂದೆಯೇ ಕೆಟ್ಟ ವಾಸನೆ. ಆಗಷ್ಟೇ ಚೆನ್ನಾಗಿ ಬ್ರಶ್ ಮಾಡಿದ್ದೆ ಕೂಡ! ಆ ಮೂಲೆಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಊತ ಬಂದು ಬಾಯಿ ತೆರೆಯಲಾಗದ ಹಾಗಾಗುತ್ತಿತ್ತು. ಆಮೇಲೆ ಬಂದಿಲ್ಲ.

ಬ್ರಿಡ್ಜ್ (ಹೋದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲಿಗೆ ಹಿಡಿಸಿ ಕೂರಿಸುವ ಕೃತಕ ಹಲ್ಲು) ಅಡಿಗೂ ಇದು ಚೆನ್ನಾಗಿ ಹೋಗುತ್ತದೆ. ದಾರ ಪೋಣಿಸುವ ಕಷ್ಟ ಬ್ರಿಡ್ಜ್ ಇರುವವರಿಗೇ ಗೊತ್ತು. ನನ್ನ ಮೂರು ಹಲ್ಲಿನ ಬ್ರಿಡ್ಜ್‌ಗೆ ಡಯಲ್ ಅನ್ನು ಮಧ್ಯದಲ್ಲಿ ಬದಲಾಯಿಸುವ ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಅದನ್ನು ಕಂಡುಕೊಳ್ಳಲು ಬಹಳ ತಿಂಗಳು ಹಿಡಿದಿದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗೆಳೆಯನ ಬಾಯಿ ಮುಚ್ಚಿಸಲು ಒಂದು ಪ್ರಯೋಗ ಮಾಡಿದೆ. ಸುಮಾರು ಮೂರು ವಾರ ಬಾಯಿಯ ಎಡಗಡೆ ದಾರ ಮಾತ್ರ, ಬಲಗಡೆ ನೀರು ಮಾತ್ರ. ಆಮೇಲೆ ಪ್ಲಾಕ್‌ಗೆ ಬಣ್ಣ ಹಿಡಿಸುವ ಮಾತ್ರೆ ಅಗಿದು ನೋಡಿದೆ. ಹೊಸ ಪ್ಲಾಕ್ ಗುಲಾಬಿಯಾಗಿ, ಹಳೆಯದು ನೇರಳೆಯಾಗಿ ಕಾಣುವ ಎರಡು ಬಣ್ಣದ ಮಾತ್ರೆ. ದವಡೆ ಹಲ್ಲುಗಳ ವಸಡಿನ ಗೆರೆಯಲ್ಲಿ ನೀರಿನ ಕಡೆ ನೇರಳೆ ಇರಲೇ ಇಲ್ಲ ಅನ್ನಬಹುದು. ದಾರದ ಕಡೆ ಒಳಬದಿಯಲ್ಲಿ ಉದ್ದಕ್ಕೂ ಗೆರೆ ಇತ್ತು. ಆದರೆ ಕೆಳಗಿನ ಮುಂದಿನ ಹಲ್ಲುಗಳಲ್ಲಿ ದಾರ ಗೆದ್ದಿತು. ಅಲ್ಲಿ ಹಲ್ಲಿಗೆ ಹಲ್ಲು ಒತ್ತಿ ಕೂತಿದೆ. ತಾಗುವ ಜಾಗವನ್ನು ಉಜ್ಜಿ ತೆಗೆಯಲು ದಾರವೇ ಬೇಕು. ಇದನ್ನು ಒಪ್ಪಿಕೊಳ್ಳಲು ನನಗೇನೂ ತೊಂದರೆಯಿಲ್ಲ. ವಾರಕ್ಕೆ ಎರಡು ಮೂರು ಸಲ ಆ ಆರು ಹಲ್ಲಿಗೆ ದಾರ ಹಾಕುತ್ತೇನೆ. ಸಂದಿ ಅಗಲ ಇರುವ ಕಡೆ ಸಣ್ಣ ಇಂಟರ್‌ಡೆಂಟಲ್ ಬ್ರಶ್ ಎರಡಕ್ಕಿಂತಲೂ ಮೇಲು, ಅದೂ ಇಟ್ಟುಕೊಂಡಿದ್ದೇನೆ. ಗೆಳೆಯ ಬಲಗಡೆಯ ಫೋಟೊ ನೋಡಿ ಒಂದು ಮೆಷಿನ್ ತರಿಸಿಕೊಂಡ. ಡೆಂಟಿಸ್ಟ್ ಈಗ ಬ್ರಿಡ್ಜ್ ಇರುವ ಬೇರೆ ರೋಗಿಗಳಿಗೂ ಇದನ್ನೇ ಹೇಳುತ್ತಿದ್ದಾರಂತೆ. ಖುಷಿಯಾಯಿತು.

ಟ್ಯಾಂಕಿಗೆ ಏನೇನು ಹಾಕಿದರೆ ಹೇಗೆ ಅಂತಲೂ ನೋಡಿದೆ. ಉಪ್ಪು ನೀರು ವಸಡಿಗೆ ಹಿತ, ಪಂಪಿಗೆ ಶತ್ರು. ಹಾಕಿದರೆ ಕೂಡಲೇ ಒಂದು ಟ್ಯಾಂಕ್ ಬರೀ ನೀರು ಓಡಿಸಬೇಕು. ಅಡುಗೆ ಸೋಡಾ ಕರಗದೆ ಟಿಪ್ಪಿನ ಕಣ್ಣಿಗೆ ಕೂತುಕೊಂಡಿತು. ಮೌತ್‌ವಾಶ್ ಹಾಕುವುದಾದರೆ ಅರ್ಧಕ್ಕಿಂತ ಜಾಸ್ತಿ ಬೇಡ, ನೊರೆ ಬಂದು ಏನೂ ಕಾಣುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಮೌತ್‌ವಾಶ್ ಅನ್ನು ಡೆಂಟಿಸ್ಟ್ ಹೇಳಿದಷ್ಟು ದಿನ ಮಾತ್ರ. ಅದು ಹಲ್ಲಿಗೆ ಕಂದು ಕಲೆ ಹಿಡಿಸುತ್ತದೆ. ಇದೆಲ್ಲ ಆದ ಮೇಲೆ ನಾನು ಉಳಿದದ್ದು ಬರೀ ನೀರಿಗೆ. ಫಲ ಬಂದದ್ದೂ ಬರೀ ನೀರಿನಲ್ಲೇ.

ಗಂಟಲಿನ ಟಾನ್ಸಿಲ್ ಕಲ್ಲು ಇದರಿಂದ ತೆಗೆಯುವವರಿದ್ದಾರೆ. ನಾನು ಆ ಕಡೆ ಹೋಗುವುದಿಲ್ಲ. ನಾಲಿಗೆಯ ಅಡಿಯ ಮೆತ್ತನೆ ಜಾಗಕ್ಕೂ ಹಿಡಿಯಬೇಡಿ. ಹೊಸದಾಗಿ ಹಲ್ಲು ಕೀಳಿಸಿದ್ದರೆ ಆ ಗಾಯ ಮಾಯುವವರೆಗೆ ಅಲ್ಲಿ ನೀರು ಹೊಡೆಯಬಾರದು. ಹೃದಯದ ಕವಾಟ ಬದಲಿಸಿಕೊಂಡವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬೇಡಿ.

ಮೆಷಿನ್ ಬಾಳಿಕೆ ಬರಬೇಕಾದರೆ ಕೆಲಸ ಆದ ಮೇಲೆ ಉಳಿದ ನೀರು ಚೆಲ್ಲಿ, ಒಂದೆರಡು ಸೆಕೆಂಡ್ ಖಾಲಿ ಓಡಿಸಿ, ಟ್ಯಾಂಕ್ ತೆಗೆದು ಬೋರಲು ಹಾಕಿ. ನೀರು ನಿಂತರೆ ಒಳಗೆ ಲೋಳೆ ಕಟ್ಟುತ್ತದೆ, ಮಾರನೇ ದಿನ ಅದನ್ನೇ ವಸಡಿಗೆ ಹೊಡೆದುಕೊಳ್ಳುತ್ತೀರಿ. ಗಡಸು ನೀರಾದರೆ ತಿಂಗಳಿಗೊಮ್ಮೆ ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿ ಅರ್ಧ ಓಡಿಸಿ, ಇಪ್ಪತ್ತು ನಿಮಿಷ ಬಿಟ್ಟು ಉಳಿದರ್ಧ ಓಡಿಸಿ, ಕೊನೆಗೆ ಒಂದು ಟ್ಯಾಂಕ್ ಬರೀ ನೀರು. ನೀರಿನ ಧಾರೆ ಓರೆಯಾಗಿ ಹೋಗಲು ಶುರುವಾದರೆ ಟಿಪ್ಪಿನ ಕಣ್ಣಿನಲ್ಲಿ ಸುಣ್ಣ ಕೂತಿದೆ ಅಂತಲೇ ಅರ್ಥ. ಮೆಷಿನ್ ರಿಪೇರಿಗೆ ಕೊಡುವ ಮೊದಲು ಇದನ್ನು ನೋಡಿ.

ಸಾದಾ ಟಿಪ್ಪನ್ನು ಆರು ತಿಂಗಳಿಗೊಮ್ಮೆ, ಬ್ರಶ್ಶಿನ ಎಳೆ ಇರುವುದನ್ನು ಮತ್ತು ರಬ್ಬರ್ ತುದಿಯದನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ. ಮೆಷಿನ್ ಕೊಳ್ಳುವಾಗಲೇ ನಾಲ್ಕೈದು ಟಿಪ್ ಜಾಸ್ತಿ ಕೊಂಡಿಟ್ಟುಕೊಳ್ಳಿ. ಮಾಡೆಲ್ ನಿಂತುಹೋದರೆ ಮೆಷಿನ್ ಚೆನ್ನಾಗಿದ್ದರೂ ಟಿಪ್ ಸಿಗದೆ ಮೂಲೆಗೆ ಬೀಳುತ್ತದೆ.